ಒಂದೇ ಕೊಡದ ನೀರು

ನನ್ನ ಫೋನಿನಲ್ಲಿ 2019ರ ಒಂದು ಫೋಟೊ ಇದೆ. ಅಳಿಸಿಬಿಡಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆಗಿಲ್ಲ. ಫೋಟೊದಲ್ಲಿ ನಾನಿದ್ದೇನೆ, ಕೈಯಲ್ಲಿ ಮರದ ಸ್ಕೇಲು. ಹಿಂದೆ ಬಟ್ಟೆಯ ಬ್ಯಾನರ್, ಮುಂದೆ ಹೆಡ್‌ಮಾಸ್ತರರ ಮೇಜು. ಮೇಜಿನ ಮೇಲೆ ಆರು ವರ್ಷದ ಹುಡುಗಿ ನಿಂತಿದ್ದಾಳೆ. ನನ್ನ ಅಕ್ಕನ ಮಗಳು. ಎರಡೂ ಪಾದ ಕೂಡಿಸಿ ನಿಂತಿದ್ದರೂ ಮೊಣಕಾಲುಗಳ ನಡುವೆ ನನ್ನ ಅಂಗೈ ತೂರುವಷ್ಟು ಜಾಗ. ಸ್ಕೇಲಿನ ತುದಿ ಆ ಜಾಗದ ಮೇಲೇ ಇದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಅವತ್ತು ಕುಷ್ಟಗಿ ತಾಲೂಕಿನ ಅಕ್ಕನ ಊರಿನ ಶಾಲೆಯಲ್ಲಿ ಕುಡಿಯುವ ನೀರಿನ ಬಗ್ಗೆ ಕಾರ್ಯಕ್ರಮ ಇತ್ತು, ಮಾತಾಡೋಕೆ ನನ್ನನ್ನು ಕರೆದಿದ್ದರು. ಬಾಟಲಿಯಲ್ಲಿ ಬೋರ್ ನೀರು ತಗೊಂಡು, ಕಿಟ್‌ನ ಹನಿ ಬಿಟ್ಟು, ಬಣ್ಣ ಬದಲಾಗೋದನ್ನು ಮಕ್ಕಳಿಗೆ ತೋರಿಸಿದೆ. ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಚಿಂತೆಯಿಲ್ಲ, ಬೇರೆ ದಾರಿಯೇ ಇಲ್ಲದಿದ್ದರೆ ಒಂದೂವರೆ ತನಕ ಕುಡಿಯಬಹುದು, ನಿಮ್ಮ ಊರಿನ ಬೋರಿನಲ್ಲಿ ಮೂರರ ಮೇಲಿದೆ ಅಂತ ಹೇಳಿದೆ. ಮಕ್ಕಳು ಆಕಳಿಸುತ್ತಿದ್ದರು. ಆಗ ನನಗೊಂದು ಉಪಾಯ ಹೊಳೆಯಿತು. ಒಂದನೇ ತರಗತಿಯ ಸಾಲಿನಲ್ಲಿ ಕೂತಿದ್ದ ನನ್ನ ಸೊಸೆಯನ್ನು ಕರೆದು ಮೇಜಿನ ಮೇಲೆ ನಿಲ್ಲಿಸಿದೆ. 'ನೋಡ್ರಿ, ಈ ನೀರು ಕುಡಿದ್ರ ಏನಾಗ್ತೈತಿ ಅಂತ' ಅಂದೆ. ಹುಡುಗಿ ಮೊದಲು ನಕ್ಕಳು, ಮಾಮ ಕರೆದನಲ್ಲ ಅಂತ. ಆಮೇಲೆ ಫ್ರಾಕನ್ನು ಕೆಳಗೆ ಎಳೆದುಕೊಂಡಳು. ಫೋಟೊ ತೆಗೆದದ್ದು ಆ ಹೊತ್ತಿನಲ್ಲಿ. ಒಂದು ಕೈ ಫ್ರಾಕಿನ ಅಂಚಿನಲ್ಲಿದೆ.

ನೀರಿನ ಬಗ್ಗೆ ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಆ ಹುಡುಗಿಯ ಕಾಲು ಬಾಗಿದ್ದು ನೀರಿನಿಂದ ಆಗಿರಲಿಲ್ಲ. ಅದು ಗೊತ್ತಾಗೋಕೆ ಇನ್ನೂ ಐದು ವರ್ಷ ಬೇಕಾಯಿತು.

ನೀರಿನ ಬ್ಯಾನಿ

ಕೊಪ್ಪಳ, ರಾಯಚೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಲ್ಲು ಕಂದಾದರೆ ನೀರು. ಮೊಣಕಾಲು ನೋವು ಬಂದರೆ ನೀರು. ನಲವತ್ತಕ್ಕೇ ಸೊಂಟ ಬಗ್ಗಿ, ಹಿಂದೆ ಯಾರೋ ಕರೆದರೆ ಕುತ್ತಿಗೆ ತಿರುಗಿಸೋಕಾಗದೆ ಇಡೀ ಮೈ ತಿರುಗಿಸುವವರಿದ್ದಾರೆ, ಅವರದ್ದೂ ನೀರು. ಮುಕ್ಕಾಲು ಪಾಲು ಇದು ನಿಜವೇ. ಅದಕ್ಕೇ ತೊಂದರೆ. ಸುಳ್ಳಾಗಿದ್ದರೆ ಯಾರಾದರೂ ಯಾವತ್ತಾದರೂ ಅನುಮಾನ ಪಡುತ್ತಿದ್ದರು.

ನನ್ನ ಭಾವ ಕುಳ್ಳ. ಅಕ್ಕನಿಗಿಂತ ನಾಲ್ಕು ಬೆರಳು ಕಡಿಮೆಯೇ. ಮದುವೆಯಲ್ಲಿ ಮಾಲೆ ಹಾಕುವಾಗ ಗೆಳೆಯರು ಅವನನ್ನು ಎತ್ತಿ ಹಿಡಿದಿದ್ದರು, ಎಲ್ಲರೂ ನಕ್ಕಿದ್ದೆವು. ನಡೆಯುವಾಗ ಎಡಕ್ಕೆ ಬಲಕ್ಕೆ ವಾಲುತ್ತಾನೆ. ಮೂವತ್ತೈದಕ್ಕೇ ಅರ್ಧ ಹಲ್ಲು ಹೋಗಿದ್ದವು. ಅವನ ಅವ್ವನದೂ ಅದೇ ನಡಿಗೆ, ಅದೇ ಎತ್ತರ, ಕೈಯಲ್ಲೊಂದು ಕೋಲು. ಹೆಣ್ಣು ಕೊಡುವಾಗ ನಮ್ಮಪ್ಪ ಇದನ್ನು ನೋಡದೆ ಇರಲಿಲ್ಲ. 'ಆ ಊರ ನೀರ ಹಂಗೈತಿ, ಏನ್ ಮಾಡೂದು. ಹೊಲ ಐತಿ, ಹುಡುಗ ಕುಡಿಯೂದಿಲ್ಲ' ಅಂದಿದ್ದ.

ಅಕ್ಕನಿಗೆ ಮೂವರು ಮಕ್ಕಳು. ಹಿರಿಯಳು ಹುಡುಗಿ, ನಡುವೆ ಹುಡುಗ, ಮತ್ತೆ ಒಬ್ಬಳು ಹುಡುಗಿ. ಹಿರಿಯಳ ಕಾಲು ಹುಟ್ಟಿದಾಗ ನೆಟ್ಟಗೇ ಇತ್ತು. ನಡೆಯೋಕೆ ಶುರು ಮಾಡಿದ ಮೇಲೆ, ಮೈ ಭಾರ ಬಿದ್ದಂತೆ ಬಾಗುತ್ತ ಹೋಯಿತು. ಕಿರಿಯಳದೂ ಹಾಗೇ. ಹುಡುಗನ ಕಾಲು ಮಾತ್ರ ಬಾಣದಂತೆ ನೆಟ್ಟಗೆ. ಓಟದಲ್ಲಿ ಶಾಲೆಗೇ ಮೊದಲು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂವರೂ ಕುಡಿದದ್ದು ಒಂದೇ ಕೊಡದ ನೀರು. ಮೂವರ ಹಲ್ಲಿನ ಮೇಲೂ ಕಂದು ಗೆರೆ ಇದ್ದವು, ಹುಡುಗನದೂ ಸೇರಿ. ಅಂದರೆ ಫ್ಲೋರೈಡ್ ಮೂವರ ಒಳಗೂ ಹೋಗಿದೆ. ಹಾಗಿದ್ದರೆ ಒಬ್ಬನ ಕಾಲಷ್ಟೇ ಯಾಕೆ ನೆಟ್ಟಗೆ? ವಿಜ್ಞಾನ ಕಲಿಸುವ ನನಗೆ ಈ ಪ್ರಶ್ನೆ ಏಳಬೇಕಿತ್ತು. ಏಳಲಿಲ್ಲ ಅಂತಲ್ಲ, ಎದ್ದಿತ್ತು. ಆದರೆ ಅದಕ್ಕೂ ಊರಿನಲ್ಲಿ ಉತ್ತರ ಸಿದ್ಧವಿತ್ತು. ಗಂಡು ಕೂಸು, ಹಾಲು ತುಪ್ಪ ಹಾಕಿ ಬೆಳೆಸಿದ್ದಾರೆ, ಹೆಣ್ಣುಮಕ್ಕಳಿಗೆ ಅಷ್ಟು ಮಾಡಿಲ್ಲ. ನಾನೂ ಅದನ್ನೇ ನಂಬಿದೆ. ನಂಬಿದ್ದಷ್ಟೇ ಅಲ್ಲ, ಒಂದು ಸಲ ಯುಗಾದಿಗೆ ಬಂದಾಗ ಅಕ್ಕನ ಮುಂದೆ ಆಡಿಯೂ ತೋರಿಸಿದೆ. ಕ್ಯಾಲ್ಸಿಯಂ ಕಡಿಮೆ ಇರುವ ಮಕ್ಕಳಿಗೆ ಫ್ಲೋರೈಡಿನ ಪೆಟ್ಟು ಜಾಸ್ತಿ ಅಂತ ಓದಿದ್ದೆ, ಅದು ನಿಜ ಕೂಡ. 'ಹುಡುಗನಿಗೆ ಕೊಟ್ಟಂಗ ಇವರಿಗೂ ಹಾಲು ಕೊಡಬೇಕಿತ್ತು ಯಕ್ಕಾ' ಅಂದೆ. ಅಕ್ಕ ಹೋಳಿಗೆ ಬೇಯಿಸುತ್ತಿದ್ದಳು. ತಿರುಗಿ ನೋಡಲಿಲ್ಲ. 'ಮೂರೂ ಮಕ್ಕಳಿಗೆ ಒಂದ ಲೋಟದಾಗ ಅಳದು ಹಾಕೀನಿ' ಅಂದಳು. ನಾನು ನಂಬಲಿಲ್ಲ. ತಾಯಂದಿರು ಹಾಗೇ ಹೇಳುತ್ತಾರೆ ಅಂದುಕೊಂಡೆ.

ಇನ್ನೊಂದು ಸುಳಿವೂ ಇತ್ತು. ಭಾವನ ತಂಗಿಯನ್ನು ಗಂಗಾವತಿ ಕಡೆ ಕೊಟ್ಟಿದ್ದಾರೆ. ಅಲ್ಲಿ ಹೊಳೆ ನೀರು, ಭತ್ತದ ಗದ್ದೆ, ಫ್ಲೋರೈಡಿನ ಮಾತೇ ಇಲ್ಲ. ಅವಳ ಮಗನ ಕಾಲೂ ಬಾಗಿತ್ತು. ಅದಕ್ಕೆ ಊರವರು ಏನು ಹೇಳಿದರು ಗೊತ್ತಾ? ಬಾಣಂತನಕ್ಕೆ ತವರಿಗೆ ಬಂದಿದ್ದಳಲ್ಲ, ಆಗ ಕುಡಿದ ನೀರು ಅಂತ. ಮೂರು ತಿಂಗಳು ಕುಡಿದ ನೀರಿಗೆ ಕಾಲು ಬಾಗಿತಂತೆ! ಈಗ ನಗು ಬರುತ್ತದೆ. ಆಗ ನಾನೂ ತಲೆ ಆಡಿಸಿದ್ದೆ.

ಪ್ಲಾಸ್ಟಿಕ್ ಚೀಲದ ಕಾಗದಗಳು

ಅಕ್ಕನ ಮನೆಯಲ್ಲಿ ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲ ಇದೆ. ಎಂಟು ವರ್ಷದ ಆಸ್ಪತ್ರೆ ಕಾಗದಗಳೆಲ್ಲ ಅದರಲ್ಲಿವೆ. ಹೋದ ವರ್ಷ ಒಂದು ರಾತ್ರಿ ಕೂತು ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿದೆ. ಮೊದಲ ಚೀಟಿ ಹಿರಿಯಳದು, 2016ರದು.

ಡಾಕ್ಟರುಗಳು ಸುಮ್ಮನೆ ಕೂತಿರಲಿಲ್ಲ, ಅದನ್ನು ಹೇಳಬೇಕು. ಎಕ್ಸ್-ರೇ ತೆಗೆಸಿದ್ದರು. ಮೊಣಕಾಲಿನ ಹತ್ತಿರ ಎಲುಬು ಬೆಳೆಯುವ ಜಾಗ ಅಗಲವಾಗಿ, ಅಂಚು ಹರಿದ ಬಟ್ಟೆಯಂತೆ ಕಾಣುತ್ತಿತ್ತು. ಅದು ರಿಕೆಟ್ಸ್ ಗುರುತು, ಮಕ್ಕಳ ಎಲುಬು ಮೆತ್ತಗಾಗಿ ಬಾಗುವ ಕಾಯಿಲೆ. ನಮ್ಮ ಕಡೆ ಫ್ಲೋರೈಡ್ ಜೊತೆ ರಿಕೆಟ್ಸ್ ಇರೋದು ಹೊಸದೇನಲ್ಲ. ವಿಟಮಿನ್ ಡಿ ಕೊಟ್ಟರು. ಮೊದಲು ವಾರಕ್ಕೊಂದು 60,000 ಯೂನಿಟ್ ಪುಡಿ, ಹಾಲಿನಲ್ಲಿ ಕಲಸಿ. ಆಮೇಲೆ ಆರು ಲಕ್ಷ ಯೂನಿಟ್ ಇಂಜೆಕ್ಷನ್. ಸಾಮಾನ್ಯ ರಿಕೆಟ್ಸ್ ಆಗಿದ್ದರೆ ಕೆಲವು ವಾರಗಳಲ್ಲಿ ಎಕ್ಸ್-ರೇಯಲ್ಲಿ ಗುಣ ಕಾಣುತ್ತದೆ. ಇವಳಿಗೆ ಕಾಣಲಿಲ್ಲ. ಮತ್ತೊಬ್ಬ ಡಾಕ್ಟರು, ಮತ್ತೊಂದು ಊರು, ಮತ್ತೆ ಅದೇ ಇಂಜೆಕ್ಷನ್. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಔಷಧ ಕೆಲಸ ಮಾಡದಿದ್ದಾಗ 'ನೀವು ಸರಿಯಾಗಿ ಕೊಟ್ಟಿಲ್ಲ' ಅನ್ನೋದು ಸುಲಭ. ಅಕ್ಕ ಅದನ್ನೂ ಕೇಳಿಸಿಕೊಂಡಳು.

ಒಬ್ಬರಂತೂ ಸರಿಯಾದ ಬಾಗಿಲನ್ನೇ ತಟ್ಟಿದ್ದರು. 'ಇದು ಮನೆತನದ ಕಾಯಿಲೆ ಇರಬಹುದಾ? ಸಂಬಂಧದಲ್ಲಿ ಮದುವೆಯಾ?' ಅಂತ ಕೇಳಿದ್ದರು. 'ಇಲ್ಲರಿ, ಹೊರಗಿನ ಸಂಬಂಧ' ಅಂದಳು ಅಕ್ಕ. ಚೀಟಿಯಲ್ಲಿ ಅದೇ ಬರೆದಿದೆ, ರಕ್ತಸಂಬಂಧ ಇಲ್ಲ ಅಂತ. ಬಾಗಿಲು ಅಲ್ಲಿಗೇ ಮುಚ್ಚಿತು. ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡೋದು ಜಾಸ್ತಿ. ಆದ್ದರಿಂದ ವಂಶದಲ್ಲಿ ಬರುವ ಕಾಯಿಲೆ ಅಂದರೆ ಡಾಕ್ಟರಿಗೂ ಜನರಿಗೂ ಮೊದಲು ನೆನಪಾಗೋದು ಅದೇ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಣಿಸುವ ಕಾಯಿಲೆಗಳಿಗೆ ಆ ಪ್ರಶ್ನೆ ಸರಿ. ಒಬ್ಬರಿಂದ ಬಂದರೂ ಸಾಕು ಅನ್ನುವ ಕಾಯಿಲೆಗಳೂ ಇವೆ. ಅವಕ್ಕೆ ಹೊರಗಿನ ಸಂಬಂಧ, ಒಳಗಿನ ಸಂಬಂಧ ಅಂತೇನಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು 2018ರ ಒಂದು ಲ್ಯಾಬ್ ರಿಪೋರ್ಟ್. ಕ್ಯಾಲ್ಸಿಯಂ ಸರಿ ಇದೆ. ಆಲ್ಕಲೈನ್ ಫಾಸ್ಫಟೇಸ್ ಜಾಸ್ತಿ, ಅದರ ಮುಂದೆ ನಕ್ಷತ್ರದ ಗುರುತು. ಕೆಳಗಿನ ಸಾಲಿನಲ್ಲಿ ಫಾಸ್ಫರಸ್ 2.7. ಪಕ್ಕದಲ್ಲಿ ಸಹಜ ಮಟ್ಟ 2.5ರಿಂದ 4.5 ಅಂತ ಅಚ್ಚಾಗಿದೆ. ನಕ್ಷತ್ರ ಇಲ್ಲ. ಎಲ್ಲರ ಕಣ್ಣೂ ನಕ್ಷತ್ರದ ಮೇಲೆ ಹೋಯಿತು, ಕೆಳಗಿನ ಸಾಲನ್ನು ಯಾರೂ ನೋಡಲಿಲ್ಲ. ಆ ಮಟ್ಟ ದೊಡ್ಡವರದು. ಬೆಳೆಯುವ ಮಕ್ಕಳ ರಕ್ತದಲ್ಲಿ ಫಾಸ್ಫರಸ್ ದೊಡ್ಡವರಿಗಿಂತ ಜಾಸ್ತಿ ಇರಬೇಕು. ಐದು ವರ್ಷದ ಮಗುವಿಗೆ 2.7 ಅಂದರೆ ತೀರಾ ಕಡಿಮೆ. ಉತ್ತರ ಕಾಗದದ ಮೇಲೆ ಇತ್ತು, ಆರು ವರ್ಷ ಆ ಚೀಲದಲ್ಲೇ ಇತ್ತು. ಗ್ರಹಣದ ದಿನ ಬಸುರಿ ಹೊರಗೆ ಬಂದಳು ಅಂತ ಅತ್ತೆ ಬೈಯುತ್ತಿದ್ದಾಗ, ಹುಲಿಗೆಮ್ಮನಿಗೆ ಹರಕೆ ಹೊತ್ತಾಗ, ನಾನು ಸ್ಕೇಲು ಹಿಡಿದು ಭಾಷಣ ಮಾಡಿದಾಗ, ಎಲ್ಲ ಹೊತ್ತಿನಲ್ಲೂ ಆ 2.7 ಅಲ್ಲೇ ಇತ್ತು.

ಹಲ್ಲಿನ ಡಾಕ್ಟರು ಕೇಳಿದ ಪ್ರಶ್ನೆ

ಕೊನೆಗೆ ಗುರುತು ಹಿಡಿದದ್ದು ಎಲುಬಿನ ಡಾಕ್ಟರಲ್ಲ. 2024ರ ಮಳೆಗಾಲ ಮುಗಿಯುವ ಹೊತ್ತಿಗೆ ಹಿರಿಯಳಿಗೆ ವಸಡಿನಲ್ಲಿ ಕೀವು ಗುಳ್ಳೆ ಎದ್ದಿತು. ಅದು ಮೂರನೇ ಸಲ. ನಾನೇ ಬೈಕಿನಲ್ಲಿ ಕರೆದುಕೊಂಡು ಹೋದೆ. ಹಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಹಳ ಹೊತ್ತು ಕನ್ನಡಿ ಹಿಡಿದು ನೋಡಿದರು. ನಾನು ಸುಮ್ಮನಿರಲಾರದೆ, 'ಫ್ಲೋರೈಡ್ ನೀರು ಮೇಡಂ, ನಮ್ಮ ಕಡೆ ಎಲ್ಲರದೂ ಹಿಂಗ' ಅಂದೆ.

'ಕಲೆ ಫ್ಲೋರೈಡಿಂದ ಸರ್, ಅದು ಖರೆ. ಆದ್ರ ಕೀವು ಯಾಕ ಬಂತು? ಇಲ್ಲೆ ಹುಳುಕೇ ಇಲ್ಲಲ್ಲ' ಅಂದರು.

ಹುಳುಕಿಲ್ಲದ ಹಲ್ಲಿನ ಬುಡದಲ್ಲಿ ಕೀವು. ನನಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ಅವರು ಹುಡುಗಿಯನ್ನು ಕುರ್ಚಿಯಿಂದ ಇಳಿಸಿ, 'ಆ ಗೋಡೆ ತನಕ ನಡೆದು ಬಾ ಪುಟ್ಟಿ' ಅಂದರು. ಅವಳು ವಾಲುತ್ತ ನಡೆದು ಬಂದಳು. 'ತಮ್ಮ ತಂಗಿ ಅದಾರೇನು?' ಅಂತ ಕೇಳಿದರು. ತಂಗಿಯದು ಹೀಗೇ, ತಮ್ಮನದು ನೆಟ್ಟಗಿದೆ ಅಂದೆ. 'ಅಪ್ಪಂದು?' ಅಂದರು. ನಾನು ಬಾಯಿ ತೆರೆದೆ, ನೀರು ಅನ್ನೋಕೆ. ಆದರೆ ಮಾತು ಹೊರಡಲಿಲ್ಲ.

ಕಾರಣ ಹೇಳುತ್ತೇನೆ. ಪ್ರತಿ ವರ್ಷ ಹತ್ತನೇ ತರಗತಿಯ ಅನುವಂಶೀಯತೆಯ ಪಾಠದಲ್ಲಿ ಬೋರ್ಡಿನ ಮೇಲೆ ಒಂದು ಚಿತ್ರ ಬರೆಯುತ್ತೇನೆ. ತಾಯಿಗೆ ಎರಡು ಎಕ್ಸ್ ಕ್ರೋಮೋಸೋಮ್, ತಂದೆಗೆ ಒಂದು ಎಕ್ಸ್, ಒಂದು ವೈ. ತಂದೆಯ ಎಕ್ಸ್ ಹೋದರೆ ಹೆಣ್ಣು, ವೈ ಹೋದರೆ ಗಂಡು. ಮಗು ಗಂಡೋ ಹೆಣ್ಣೋ ಅನ್ನೋದಕ್ಕೆ ತಾಯಿಯನ್ನು ಬೈಯಬೇಡಿ ಅಂತ ದೊಡ್ಡದಾಗಿ ಹೇಳುತ್ತೇನೆ. ಅದೇ ಚಿತ್ರದಲ್ಲಿ ತಂದೆಯ ಆ ಒಂದು ಎಕ್ಸ್‌ನಲ್ಲಿ ದೋಷ ಇದ್ದರೆ? ಅದು ಎಲ್ಲ ಹೆಣ್ಣುಮಕ್ಕಳಿಗೂ ಹೋಗುತ್ತದೆ, ಒಬ್ಬ ಗಂಡುಮಗನಿಗೂ ಹೋಗುವುದಿಲ್ಲ. ಇಬ್ಬರು ಹುಡುಗಿಯರು, ನಡುವೆ ಬಾಣದಂತಹ ಹುಡುಗ. ಮಗನಿಗೆ ಹಾಲು ಜಾಸ್ತಿ ಹಾಕಿದ್ದಲ್ಲ. ಅಪ್ಪನ ವೈ ಬಂದದ್ದು. ಹದಿನೈದು ವರ್ಷ ಬೋರ್ಡಿಗೆ ಬರೆದದ್ದು ಅವತ್ತು ಆ ಕುರ್ಚಿಯ ಪಕ್ಕ ನಿಂತಾಗ ಅರ್ಥವಾಯಿತು.

ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ರಕ್ತದಲ್ಲಿ ಫಾಸ್ಫರಸ್, ಮೂತ್ರದಲ್ಲಿ ಫಾಸ್ಫರಸ್. ಇನ್ನೂರು ಮುನ್ನೂರು ರೂಪಾಯಿಯ ಕೆಲಸ. 'ನಾನು ಹಲ್ಲಿನ ಡಾಕ್ಟರು, ಇದು ನನ್ನ ವಿಷಯ ಅಲ್ಲ. ಆದ್ರ ಓದುವಾಗ ಒಂದು ಪ್ಯಾರಾ ಇತ್ತು, ಅದು ನೆನಪಾತು' ಅಂದರು. ಆ ಒಂದು ಪ್ಯಾರಾ ನೆನಪಿಟ್ಟುಕೊಂಡವರಿಗೆ ನಾನು ಆಮೇಲೆ ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟು ಬಂದೆ. ಬೇರೆ ಏನು ಕೊಡೋದು ಅಂತ ಗೊತ್ತಾಗಲಿಲ್ಲ.

ಗೇಟು ಕಿತ್ತುಹೋದ ಡ್ಯಾಂ

ರಾತ್ರಿ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಇಬ್ಬರು ಹುಡುಗಿಯರು, ಅಕ್ಕ, ಭಾವ, ನಾನು, ಆ ಪ್ಲಾಸ್ಟಿಕ್ ಚೀಲ. ಮಕ್ಕಳ ಹಾರ್ಮೋನ್ ಡಾಕ್ಟರು ಚೀಲದ ಕಾಗದಗಳನ್ನು ಒಂದೊಂದಾಗಿ ನೋಡಿದರು. 2018ರ ರಿಪೋರ್ಟ್ ಬಂದಾಗ ಪೆನ್ನಿನಿಂದ ಆ ಸಾಲಿಗೆ ಒಂದು ಸುತ್ತು ಹಾಕಿದರು. ಏನೂ ಹೇಳಲಿಲ್ಲ.

ಕಾಯಿಲೆಯ ಹೆಸರು ಉದ್ದ. ಎಕ್ಸ್ ಲಿಂಕ್ಡ್ ಹೈಪೋಫಾಸ್ಫೇಟೀಮಿಯಾ. ಚಿಕ್ಕದಾಗಿ ಎಕ್ಸ್‌ಎಲ್‌ಎಚ್. ಡಾಕ್ಟರು ಕನ್ನಡದಲ್ಲೇ ಬಿಡಿಸಿ ಹೇಳಿದರು. ಎಲುಬು ಗಟ್ಟಿಯಾಗೋಕೆ ಕ್ಯಾಲ್ಸಿಯಂ ಎಷ್ಟು ಬೇಕೋ ಫಾಸ್ಫೇಟೂ ಅಷ್ಟೇ ಬೇಕು. ಅಕ್ಕ ತಟ್ಟನೆ, 'ಡಿಎಪಿ ಗೊಬ್ಬರದೊಳಗ ಇರತೈತಲ್ರಿ, ಅದಾ?' ಅಂದಳು. ಡಾಕ್ಟರು ನಕ್ಕು, ಅದೇ ಅಂದರು. ಎಲುಬಿನಿಂದಲೇ ಒಂದು ಹಾರ್ಮೋನ್ ಹೊರಡುತ್ತದೆ, ಹೆಸರು ಎಫ್‌ಜಿಎಫ್ 23. ಫಾಸ್ಫೇಟ್ ಸಾಕು, ಹೊರಗೆ ಬಿಡು ಅಂತ ಕಿಡ್ನಿಗೆ ಹೇಳೋದು ಅದರ ಕೆಲಸ. ಫೆಕ್ಸ್ ಅನ್ನುವ ಜೀನ್ ಕೆಟ್ಟಿದ್ದರೆ ಈ ಹಾರ್ಮೋನ್ ಅತಿಯಾಗುತ್ತದೆ. ಆಗ ಕಿಡ್ನಿ ಬೇಕಾದ ಫಾಸ್ಫೇಟನ್ನೂ ಮೂತ್ರದಲ್ಲಿ ಬಿಟ್ಟುಬಿಡುತ್ತದೆ. ಅದರ ಮೇಲೆ, ವಿಟಮಿನ್ ಡಿ ದೇಹದೊಳಗೆ ಕೆಲಸಕ್ಕೆ ಬರುವ ರೂಪಕ್ಕೆ ತಿರುಗೋದನ್ನೂ ಅದು ತಡೆಯುತ್ತದೆ. ಅದಕ್ಕೇ ಆ ಪುಡಿ, ಆ ಇಂಜೆಕ್ಷನ್ ಯಾವುದೂ ಹತ್ತಲಿಲ್ಲ.

ಭಾವ ಅಲ್ಲಿಯ ತನಕ ಒಂದೂ ಮಾತಾಡಿರಲಿಲ್ಲ. ಆಗ ಹೇಳಿದ, 'ಅಂದ್ರ ನಮ್ಮ ಡ್ಯಾಮಿನ ಗೇಟ್ ಕಿತ್ತುಹೋತಲ್ರಿ, ಹಂಗ.' ಎರಡು ತಿಂಗಳ ಹಿಂದೆ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿತ್ತು. ತುಂಬಿದ ಡ್ಯಾಂ, ಕಣ್ಣ ಮುಂದೆ ನೀರು ಹೊಳೆಗೆ ಹೋಗುತ್ತಿತ್ತು, ನಾಲ್ಕೂ ಜಿಲ್ಲೆಯ ರೈತರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಡಾಕ್ಟರು ಅವನ ಕಡೆ ನೋಡಿ, 'ಬರೋಬ್ಬರಿ ಹೇಳಿದ್ರಿ. ಮೇಲಿಂದ ಎಷ್ಟು ಮಳೆ ಬಂದ್ರೂ ಗೇಟ್ ಇಲ್ಲದಿದ್ರೆ ನಿಲ್ಲಲ್ಲ' ಅಂದರು. ಹೀಗೆ ನನ್ನ ಭಾವ ಒಂದು ಕ್ಷಣ ಎಲ್ಲರಿಗಿಂತ ಜಾಣನಾದ. ಮರುಕ್ಷಣವೇ ಡಾಕ್ಟರು ಕೇಳಿದರು, 'ನಿಮ್ಮ ಕಾಲೂ ಸ್ವಲ್ಪ ನೋಡಬಹುದಾ?'

ಭಾವ ಎರಡೂ ಪಾದವನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. 'ನಂದು ನೀರಿಂದ ಬಂದದ್ದರಿ' ಅಂದ.

ಅಪರೂಪ ಅಂದರೆ ಎಷ್ಟು?

ಊರಿಗೆ ಬಂದ ಮೇಲೆ ನಾನು ಹುಚ್ಚು ಹಿಡಿದವನಂತೆ ಓದಿದೆ. ಒಂದು ವಿಷಯ ನನ್ನನ್ನು ಬಹಳ ದಿನ ಕಾಡಿತು. ಭಾರತದಲ್ಲಿ ಫ್ಲೋರೈಡ್ ನೀರಿನಿಂದ ಎಲುಬು ಕೆಡುವುದನ್ನು ಶಾರ್ಟ್ ಅನ್ನುವ ವೈದ್ಯ ಮತ್ತು ಸಂಗಡಿಗರು ಮೊದಲು ಬರೆದದ್ದು 1937ರಲ್ಲಿ, ಮದ್ರಾಸ್ ಪ್ರೆಸಿಡೆನ್ಸಿಯ ನೆಲ್ಲೂರು ಕಡೆಯ ಹಳ್ಳಿಗಳನ್ನು ನೋಡಿ. (ಬಳ್ಳಾರಿಯೂ ಆಗ ಅದೇ ಪ್ರೆಸಿಡೆನ್ಸಿಯಲ್ಲಿತ್ತು. ನಾವು ನಿಜಾಮರ ಕಡೆ.) ಅದೇ 1937ರಲ್ಲಿ ಅಮೆರಿಕದಲ್ಲಿ ಫುಲ್ಲರ್ ಆಲ್‌ಬ್ರೈಟ್ ಅನ್ನುವವರು, ವಿಟಮಿನ್ ಡಿಗೆ ಜಗ್ಗದ ರಿಕೆಟ್ಸ್ ಇದ್ದ ಒಬ್ಬ ರೋಗಿಯ ಬಗ್ಗೆ ಬರೆದರು. ಎರಡೂ ಕಾಯಿಲೆ ಒಂದೇ ವರ್ಷ ಕಾಗದದ ಮೇಲೆ ಬಂದವು. ಒಂದು ನಮ್ಮ ಊರೂರಿಗೆ ತಲುಪಿತು, ಬ್ಯಾನರ್ ಆಯಿತು, ಪಾಠ ಆಯಿತು. ಇನ್ನೊಂದರ ಜೀನ್ 1995ರಲ್ಲಿ ಸಿಕ್ಕಿತು, ಹಾರ್ಮೋನ್ 2000ದಲ್ಲಿ. ನಮ್ಮ ತಾಲೂಕಿಗೆ ಮಾತ್ರ ಅದು ಬರಲಿಲ್ಲ.

ಯುರೋಪಿನಲ್ಲಿ 2,000ಕ್ಕೆ ಒಬ್ಬರಿಗಿಂತ ಕಡಿಮೆ ಜನಕ್ಕಿದ್ದರೆ ಅಪರೂಪದ ಕಾಯಿಲೆ ಅನ್ನುತ್ತಾರೆ. ನಮ್ಮ ದೇಶದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಅಂಥ ಸಂಖ್ಯೆ ಇಟ್ಟಿಲ್ಲ, ಎಣಿಸಿದರೆ ತಾನೇ ಇಡೋಕೆ. ಎಕ್ಸ್‌ಎಲ್‌ಎಚ್ ಸುಮಾರು 20,000ಕ್ಕೆ ಒಬ್ಬರಿಗೆ ಅಂತ ಲೆಕ್ಕ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಜನ 13.9 ಲಕ್ಷ. ಭಾಗಿಸಿ ನೋಡಿದೆ. ಎಪ್ಪತ್ತು ಜನ ಬರುತ್ತಾರೆ. ರಾಯಚೂರಿನ 19 ಲಕ್ಷ ಸೇರಿಸಿದರೆ ನೂರೈವತ್ತರ ಮೇಲೆ. ಇದು ಬರೀ ಕಾಗದದ ಲೆಕ್ಕ, ನಿಜವಾಗಿ ಜಾಸ್ತಿಯೋ ಕಡಿಮೆಯೋ. ಆದರೂ ಅಷ್ಟೊಂದು ಜನ ಎಲ್ಲಿದ್ದಾರೆ? ನನ್ನ ಊಹೆ, ನಮ್ಮ ಮನೆಯವರು ಇದ್ದಲ್ಲೇ ಇದ್ದಾರೆ. ಫ್ಲೋರೈಡಿನ ಸಾಲಿನಲ್ಲಿ. ವಯಸ್ಸಾದ ಮೇಲೆ ಈ ಕಾಯಿಲೆಯಲ್ಲೂ ಸ್ನಾಯು ಎಲುಬಿಗೆ ಅಂಟುವ ಜಾಗದಲ್ಲಿ ಸುಣ್ಣ ಕಟ್ಟುತ್ತದೆ, ಬೆನ್ನು ಬಿಗಿಯುತ್ತದೆ, ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್‌ನಲ್ಲಿ ಆಗುವ ಹಾಗೇ. ಭಾವನ ಅವ್ವ ಕೋಲು ಹಿಡಿದು ಕಟ್ಟೆಯ ಮೇಲೆ ಕೂತರೆ ಯಾರು ಬೇರೆ ಅಂತ ಹೇಳುತ್ತಾರೆ?

ಇಲ್ಲೊಂದು ಮಾತು. ಈ ಸುದ್ದಿ ಊರಲ್ಲಿ ಹರಡಿದ ಮೇಲೆ ಪಂಚಾಯಿತಿಯ ಒಬ್ಬರು ನನ್ನನ್ನು ಚಹಾದ ಅಂಗಡಿಯಲ್ಲಿ ಹಿಡಿದರು. 'ಏನ್ರಿ ಸರ್, ನಿಮ್ಮ ಸೊಸಿದು ನೀರಿಂದ ಅಲ್ಲಂತ. ಹಂಗಾದ್ರ ನೀರು ಚಲೋ ಐತಿ ಅಂದಂಗಾತು' ಅಂದರು. ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕೊಡ ಬರುವ ಫಿಲ್ಟರ್ ಘಟಕ ಆಗ ಎರಡು ತಿಂಗಳಿಂದ ಕೆಟ್ಟು ನಿಂತಿತ್ತು. ಮೈಯೆಲ್ಲ ಉರಿಯಿತು. ಒಂದು ಮನೆಯ ಕಾಯಿಲೆ ಬೇರೆ ಅಂತ ಗೊತ್ತಾದರೆ ಬೋರಿನಲ್ಲಿದ್ದ ಮೂರು ಮಿಲಿಗ್ರಾಂ ಎಲ್ಲಿ ಹೋಯಿತು? ಒಂದು ಊರಿಗೆ ಒಂದೇ ಕಾಯಿಲೆ ಇರಬೇಕು ಅನ್ನುವ ಹಟ ನಮಗೆಲ್ಲ ಯಾಕೋ. ನನಗೂ ಇತ್ತಲ್ಲ.

ದಿನಕ್ಕೆ ಐದು ಸಲ

ಚಿಕಿತ್ಸೆ ಅಂದರೆ ಏನೋ ದೊಡ್ಡ ಆಪರೇಷನ್ ಅಂದುಕೊಂಡಿದ್ದಳು ಅಕ್ಕ. ಬಂದದ್ದು ಒಂದು ಬಾಟಲಿ. ಫಾಸ್ಫೇಟ್ ದ್ರಾವಣ. ಉಪ್ಪುಪ್ಪು, ಬಾಯಿಗೆ ಹಾಕಿದರೆ ಮುಖ ಕಿವುಚುವಂಥದ್ದು. ಕಿಡ್ನಿ ಸೋರುತ್ತಲೇ ಇರುವುದರಿಂದ ಒಂದೇ ಸಲ ಕುಡಿದರೆ ಉಪಯೋಗವಿಲ್ಲ, ದಿನಕ್ಕೆ ಐದು ಸಲ ಹಂಚಿ ಕುಡಿಯಬೇಕು. ಜೊತೆಗೆ ವಿಟಮಿನ್ ಡಿಯ ಬೇರೆ ರೂಪ, ಈಗಾಗಲೇ ಕೆಲಸಕ್ಕೆ ಸಿದ್ಧವಾಗಿರುವುದು, ಚಿಕ್ಕ ಗುಳಿಗೆ. ಮೂರು ತಿಂಗಳಿಗೊಮ್ಮೆ ರಕ್ತ, ಮೂತ್ರ. ಕಿಡ್ನಿಯಲ್ಲಿ ಸುಣ್ಣ ಕಟ್ಟುತ್ತಾ ಅಂತ ಆಗಾಗ ಸ್ಕ್ಯಾನ್. ಹೇಳೋಕೆ ಸುಲಭ. ಬೆಳಗ್ಗೆ ಆರಕ್ಕೆ ಮೊದಲ ಸಲ, ಆಮೇಲೆ ಶಾಲೆಯಲ್ಲಿ ಎರಡು ಸಲ, ಸಂಜೆ ಒಂದು, ರಾತ್ರಿ ಮಲಗಿದವರನ್ನು ಎಬ್ಬಿಸಿ ಒಂದು. ಮೊದಲ ತಿಂಗಳು ಇಬ್ಬರಿಗೂ ಭೇದಿ. ಕಿರಿಯಳು ಬಚ್ಚಲಿನಲ್ಲಿ ಉಗುಳಿ ಬಂದು ಕುಡಿದೆ ಅಂತ ಹೇಳೋದನ್ನು ಕಲಿತಳು. ನಮ್ಮ ಊರಿನ ಮೆಡಿಕಲ್ ಅಂಗಡಿಯಲ್ಲಿ ಈ ದ್ರಾವಣ ಸಿಗುವುದಿಲ್ಲ, ಬೆಂಗಳೂರಿನಿಂದ ಬರಬೇಕು. ಒಂದು ಸಲ ಬಾಟಲಿ ಒಡೆದು ಪಾರ್ಸೆಲ್ ಒದ್ದೆಯಾಗಿ ಬಂತು, ಹನ್ನೊಂದು ದಿನ ಔಷಧ ಇಲ್ಲ.

ಮತ್ತೆ ಒಂದು ನಿಯಮ. ಈ ಔಷಧವನ್ನು ಹಾಲಿನ ಜೊತೆ ಕುಡಿಯಬಾರದು, ಹಾಲಿನ ಕ್ಯಾಲ್ಸಿಯಂ ಫಾಸ್ಫೇಟನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಬಿಡುತ್ತದೆ. ಡಾಕ್ಟರು ಇದನ್ನು ಹೇಳಿದಾಗ ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ಎಂಟು ವರ್ಷ ಹಾಲು ಕೊಡು, ಹಾಲು ಕೊಡು ಅಂತ ಕೇಳಿಸಿಕೊಂಡವಳು. ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಫ್‌ಜಿಎಫ್ 23ನ್ನೇ ಕಟ್ಟಿಹಾಕುವ ಒಂದು ಇಂಜೆಕ್ಷನ್ ಇದೆ, ಬುರೊಸುಮ್ಯಾಬ್. 2018ರಲ್ಲಿ ಅಮೆರಿಕ, ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದೆ. ಮಕ್ಕಳಿಗೆ ಎರಡು ವಾರಕ್ಕೊಮ್ಮೆ. ಬೆಲೆ ಕೇಳಿದ ಮೇಲೆ ನಾವು ಆ ಮಾತು ತೆಗೆದಿಲ್ಲ. ಅಪರೂಪದ ಕಾಯಿಲೆಗೆ ಕೇಂದ್ರ ಸರ್ಕಾರದ ನೆರವು 50 ಲಕ್ಷದ ತನಕ ಇದೆ, ಗೊತ್ತು ಮಾಡಿದ ಕೆಲವೇ ದೊಡ್ಡ ಆಸ್ಪತ್ರೆಗಳ ಮೂಲಕ. ಆದರೆ ವರ್ಷಗಟ್ಟಲೆ ತಗೊಳ್ಳಬೇಕಾದ ಔಷಧಕ್ಕೆ ಆ ದುಡ್ಡು ಎಷ್ಟು ದಿನ ಬರುತ್ತದೆ, ಲೆಕ್ಕ ಹಾಕೋದು ಕಷ್ಟವೇನಲ್ಲ.

ಕಿರಿಯಳಿಗೆ ಐದು ವರ್ಷಕ್ಕೇ ಶುರುವಾಯಿತು. ಒಂದು ವರ್ಷದಲ್ಲಿ ಮೊಣಕಾಲಿನ ನಡುವಿನ ಜಾಗ ನಾಲ್ಕು ಬೆರಳಿನಿಂದ ಎರಡು ಬೆರಳಿಗೆ ಬಂದಿದೆ. ಹಿರಿಯಳು ಶುರು ಮಾಡಿದಾಗ ಹನ್ನೊಂದು. ಎಲುಬು ನೋವು ಹೋಗಿದೆ, ಆದರೆ ಬಾಗಿದ್ದು ಪೂರ್ತಿ ತಿರುಗುವುದಿಲ್ಲ. ಬೆಳವಣಿಗೆ ಉಳಿದಿರುವಾಗಲೇ ಮೊಣಕಾಲಿಗೆ ಚಿಕ್ಕ ಪ್ಲೇಟ್ ಕೂರಿಸಿದರೆ ನೇರವಾಗಬಹುದು ಅಂದಿದ್ದಾರೆ, ಬರುವ ಬೇಸಿಗೆ ರಜೆಗೆ ಮಾಡಿಸಬೇಕು. ಹೋದ ತಿಂಗಳು ನಾನು ಧೈರ್ಯ ಮಾಡಿ ಅವಳಿಗೆ ಆ ಫೋಟೊ ತೋರಿಸಿದೆ. ತಪ್ಪಾಯಿತು ಅಂತ ಹೇಳಬೇಕಿತ್ತು. ಅವಳು ಫೋನ್ ಕೈಗೆ ತಗೊಂಡು ದೊಡ್ಡದು ಮಾಡಿ ನೋಡಿದಳು. 'ಈ ಫ್ರಾಕ್ ನಂಗ ಭಾಳ ಸೇರತಿತ್ತು ಮಾಮ' ಅಂದಳು. ಆಮೇಲೆ, 'ಅವತ್ತಿಂದ ಎಲ್ಲಾರೂ ನನ್ನ ಫ್ಲೋರೈಡ್ ಅಂತ ಕರಿತಿದ್ರು' ಅಂದಳು. ಐದು ವರ್ಷ ಅವಳಿಗೆ ಶಾಲೆಯಲ್ಲಿ ಅದೇ ಅಡ್ಡಹೆಸರು ಇತ್ತಂತೆ. ನನಗೆ ಗೊತ್ತೇ ಇರಲಿಲ್ಲ.

ಭಾವ ಇನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲ. ಬೆಂಗಳೂರಿನವರು ಅವನ ಹೆಸರಿಗೂ ಒಂದು ಚೀಟಿ ಬರೆದುಕೊಟ್ಟಿದ್ದರು, ಅವನ ನೋವಿಗೂ ಔಷಧ ಇದೆ ಅಂತ ಹೇಳಿದ್ದರು. ಮಕ್ಕಳ ರಕ್ತ ಕೊಡೋಕೆ ಕೊಪ್ಪಳಕ್ಕೆ ಅವನೇ ಕರೆದುಕೊಂಡು ಹೋಗುತ್ತಾನೆ, ಒಂದು ಸಲವೂ ತಪ್ಪಿಸಿಲ್ಲ. ತನ್ನದು ಅಂದರೆ ಮಾತ್ರ ಶೇಂಗಾ ಕೀಳೋದು ಮುಗೀಲಿ, ತೊಗರಿ ರಾಶಿ ಮುಗೀಲಿ ಅನ್ನುತ್ತಾನೆ. ಮೊದಲು ಸಿಟ್ಟು ಬರುತ್ತಿತ್ತು. ಈಗ ಸ್ವಲ್ಪ ಅರ್ಥವಾಗುತ್ತದೆ. ನೀರಿಂದ ಬಂದದ್ದಾದರೆ ಅವನೂ ಮಕ್ಕಳಂತೆ ಪೆಟ್ಟು ತಿಂದವನು. ರಿಪೋರ್ಟ್ ಬಂದರೆ ಕೊಟ್ಟವನಾಗುತ್ತಾನೆ. ತಾಯಿಯನ್ನು ಬೈಯಬೇಡಿ ಅಂತ ಬೋರ್ಡಿನ ಮುಂದೆ ಕೂಗುವ ನಾನು, ಇನ್ನು ತಂದೆಯನ್ನು ಬೈಯಬೇಡಿ ಅಂತ ಯಾವ ಪಾಠದಲ್ಲಿ ಹೇಳಲಿ?

ಆ ಚೀಟಿ ಅವನ ಅಂಗಿಯ ಜೇಬಿನಲ್ಲೇ ಬಹಳ ದಿನ ಇತ್ತು. ಒಗೆಯೋಕೆ ಹಾಕುವಾಗ ಅಕ್ಕ ತೆಗೆದಳು, ಜಗಲಿಯ ಮೇಲೆ ಹುಲಿಗೆಮ್ಮನ ಫೋಟೊದ ಹಿಂದೆ ಸಿಕ್ಕಿಸಿದ್ದಾಳೆ. ಕಳೆದ ವಾರ ಹೋದಾಗ ನೋಡಿದೆ. ತೊಗರಿ ರಾಶಿ ಮುಗಿದು ಎಂಟು ದಿನವಾಗಿತ್ತು. ಭಾವ ಕಟ್ಟೆಯ ಮೇಲೆ ಕೂತು ಕಿರಿಯಳ ಬಾಟಲಿಯಿಂದ ಅಳತೆ ಮುಚ್ಚಳಕ್ಕೆ ಔಷಧ ಬಗ್ಗಿಸುತ್ತಿದ್ದ. ಅವಳು ಬಾಯಿ ಬಿಗಿ ಹಿಡಿದು, 'ಮೊದಲ ನೀ ಕುಡಿ' ಅನ್ನುತ್ತಿದ್ದಳು.